ಮನೆಯೊಳಗಿನ ಹಿಂಸೆ: ಮಹಿಳೆಯ ಹಕ್ಕು, ಪೊಲೀಸರ ಹೊಣೆ

ಪ್ರವಾದಿ ಮುಹಮ್ಮದ್(ಸ)ರವರು ಸುಬ್‌ಹ್ ನಮಾಝ್‌ಗೆಂದು ಮನೆಯಿಂದ ಹೊರಬಂದಾಗ ಇನ್ನೂ ಕತ್ತಲಿತ್ತು. ಬಾಗಿಲ ಬಳಿ ಒಬ್ಬ ಮಹಿಳೆ ನಿಂತಿದ್ದರು. ಯಾರೆಂದು ವಿಚಾರಿಸಲು, ಸಹ್ಲ್‌ರ ಪುತ್ರಿ ಹಬೀಬಾ(ರ) ಎಂದು ತಿಳಿಯಿತು. ತನ್ನ ಪತಿ ಸಾಬಿತ್ ಬಿನ್ ಕೈಸ್(ರ)ರೊಂದಿಗೆ ಇನ್ನು ಬಾಳಲಾಗದೆಂದು ಅವರು ಹೇಳಿಕೊಂಡರು. ಇಮಾಮ್ ಮಾಲಿಕ್‌ರ ಮುವತ್ತಾದಲ್ಲಿ ಈ ಘಟನೆ ಬಂದಿದೆ. ಪತಿಯ ಹೊಡೆತದಿಂದ ಅವರಿಗೆ ಗಾಯವಾಗಿತ್ತೆಂಬ ವಿವರ ಅಬೂದಾವೂದ್‌ನ ವರದಿಯಲ್ಲಿದೆ. ಪ್ರವಾದಿವರ್ಯರು(ಸ) ಆಕೆಯನ್ನು ಸಹನೆಯ ಉಪದೇಶ ಮಾಡಿ ಹಿಂದೆ ಕಳುಹಿಸಲಿಲ್ಲ. ಪತಿಯನ್ನು ಕರೆಸಿದರು, ಆತ ಕೊಟ್ಟಿದ್ದನ್ನು ಹಿಂದಿರುಗಿಸಿ ಅವರಿಬ್ಬರೂ ಬೇರೆಯಾಗುವಂತೆ ತೀರ್ಪಿತ್ತರು.

ಖುಲಾದ ಪಾಠದಲ್ಲಿ ಈ ಹದೀಸನ್ನು ಓದುತ್ತೇವೆ, ಓದಿಸುತ್ತೇವೆ. ಆದರೆ ಅದರಲ್ಲಿರುವ ಇನ್ನೊಂದು ವಿಷಯವನ್ನು ಗಮನಿಸುವವರು ಕಡಿಮೆ. ಹೊಡೆತ ತಿಂದ ಮಹಿಳೆ ಬೆಳಕು ಹರಿಯುವ ಮುನ್ನವೇ ಮನೆಬಿಟ್ಟು ಬಂದು ಅಧಿಕಾರವುಳ್ಳವರ ಬಾಗಿಲು ತಟ್ಟಿದರು. ಅದನ್ನು ಯಾರೂ ಮಾನಗೇಡೆಂದು ಹೇಳಲಿಲ್ಲ. ಖೌಲಾ(ರ) ತನ್ನ ಪತಿಯ ಬಗ್ಗೆ ವಾದಿಸಿದಾಗ ಆಕೆಯ ಮಾತನ್ನು ಅಲ್ಲಾಹನೇ ಆಲಿಸಿದನೆಂದು 'ಅಲ್ ಮುಜಾದಲ' ಅಧ್ಯಾಯ ಆರಂಭದಲ್ಲೇ ತಿಳಿಸುತ್ತದೆ. ಹೀಗಿರುವಾಗ ನಮ್ಮ ಹೆಣ್ಮಕ್ಕಳು ದೂರು ಹೇಳುವುದನ್ನೇ ಪಾಪವೆಂದು ಭಾವಿಸುವಂತೆ ಮಾಡಿದವರು ಯಾರು?

ಇಲ್ಲಿ ಕೆಲವರು 'ಅನ್ನಿಸಾ' ಅಧ್ಯಾಯದ 34ನೆಯ ವಚನವನ್ನು ಮುಂದಿಡುತ್ತಾರೆ. ಅದರ ಮೊದಲ ಮಾತುಗಳನ್ನು ಬಿಟ್ಟು ಒಂದೇ ಪದವನ್ನು ಹಿಡಿದುಕೊಳ್ಳುವವರೇ ಹೆಚ್ಚು. ಆ ವಚನ ಯಾರ ಮೇಲೆ ಇಳಿಯಿತೋ ಆ ಪ್ರವಾದಿ(ಸ)ರವರು ಯಾವ ಹೆಣ್ಣಿನ ಮೇಲೂ, ಯಾವ ಸೇವಕನ ಮೇಲೂ ಎಂದೂ ಕೈಯೆತ್ತಲಿಲ್ಲವೆಂದು ಆಯಿಶಾ(ರ) ಸಾಕ್ಷಿ ನುಡಿದಿದ್ದಾರೆ. ಮಕ್ಕಾದ ಮಹಾ ವಿದ್ವಾಂಸ ಅತಾ ಬಿನ್ ಅಬೀ ರಬಾಹ್‌ರು, ಪತಿ ಕೋಪವನ್ನು ತೋರಿಸಬಹುದೇ ವಿನಾ ಹೊಡೆಯಬಾರದೆಂಬ ಅಭಿಪ್ರಾಯ ತಾಳಿದ್ದರು. ಅನುಮತಿಯನ್ನು ಒಪ್ಪಿದ ಫುಕಹಾಗಳೂ ನೋವುಂಟುಮಾಡುವ, ಗುರುತುಳಿಸುವ ಹೊಡೆತವನ್ನು ನಿಷೇಧಿಸಿದರು. ಬೆಲ್ಟಿನ ಬರೆ, ಊದಿದ ಕಣ್ಣು, ಮುರಿದ ಬೆರಳು ಇವಕ್ಕೆ ಯಾವ ಮದ್‌ಹಬ್‌ನಲ್ಲಿಯೂ ಆಶ್ರಯವಿಲ್ಲ. ಆಧಾರವಿಲ್ಲದ ಕ್ರೌರ್ಯಕ್ಕೆ ಧರ್ಮದ ಹೆಸರು ಕೊಡುವವನು ಹೆಂಡತಿಯ ಮೇಲಷ್ಟೇ ಅಲ್ಲ, ಧರ್ಮದ ಮೇಲೂ ಅನ್ಯಾಯವೆಸಗುತ್ತಾನೆ.

ಇನ್ನು ದೇಶದ ಕಾನೂನಿಗೆ ಬರೋಣ. ಇದರ ಬಗ್ಗೆ ನಮ್ಮ ಮನೆಗಳಲ್ಲಿ ಅಜ್ಞಾನ ಬಹಳ. 'ಅದು ನಮಗೆ ಅನ್ವಯಿಸುವುದಿಲ್ಲ, ನಮಗೆ ಶರೀಅತ್ ಇದೆ' ಎಂದು ಹೇಳುವವರಿದ್ದಾರೆ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಜಾತಿಮತವೆನ್ನದೆ ಎಲ್ಲ ಮಹಿಳೆಯರಿಗೂ ಅನ್ವಯಿಸುತ್ತದೆ. ಇದು 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಪತ್ನಿಯಷ್ಟೇ ಅಲ್ಲ, ಮಗನಿಂದ ಹಿಂಸೆಗೊಳಗಾದ ತಾಯಿ, ಅಣ್ಣನಿಂದ ಪೀಡಿತಳಾದ ತಂಗಿ ಕೂಡ ಇದರಡಿ ಮೊರೆಹೋಗಬಹುದು. ಹಿಂಸೆ ಮಾಡಿದವರು ಅತ್ತೆಯೋ ನಾದಿನಿಯೋ ಆಗಿದ್ದರೂ ಅರ್ಜಿ ಹಾಕಬಹುದೆಂಬುದು ಸುಪ್ರೀಂ ಕೋರ್ಟಿನ 2016ರ ತೀರ್ಪಿನಿಂದ ಸ್ಪಷ್ಟವಾಗಿದೆ.

ಹಿಂಸೆಯೆಂದರೆ ಹೊಡೆತ ಮಾತ್ರವಲ್ಲ. ಬೈಗುಳ, ಗಂಡುಮಗು ಹೆರಲಿಲ್ಲವೆಂಬ ಚುಚ್ಚುಮಾತು, ಬೆದರಿಕೆ, ಲೈಂಗಿಕ ದೌರ್ಜನ್ಯ, ಇವೆಲ್ಲ ಕಾಯ್ದೆಯ ಮೂರನೆಯ ಕಲಮಿನಲ್ಲಿ ಸೇರಿವೆ. ಆರ್ಥಿಕ ಹಿಂಸೆಯೂ ಸೇರಿದೆ. ಕರಾವಳಿಯ ನಮ್ಮ ಕುಟುಂಬಗಳು ಇದನ್ನು ವಿಶೇಷವಾಗಿ ತಿಳಿಯಬೇಕು. ಪತಿ ಗಲ್ಫಿನಲ್ಲಿ ದುಡಿಯುತ್ತಾನೆ, ಹಣ ಬೇರೆಯವರ ಕೈಗೆ ಬರುತ್ತದೆ, ಮಗುವಿನ ಔಷಧಿಗೂ ಹೆಂಡತಿ ಕೈಚಾಚಬೇಕು, ಆಕೆಯ ಚಿನ್ನ ಯಾರದೋ ಸಾಲಕ್ಕೆ ಅಡವಿಗೆ ಹೋಗಿದೆ. ಖರ್ಚಿಗೆ ಕೊಡದಿರುವುದು, ಆಕೆಯ ಒಡವೆಯನ್ನು ಕಸಿದುಕೊಳ್ಳುವುದು ಕಾನೂನಿನ ದೃಷ್ಟಿಯಲ್ಲಿ ಹಿಂಸೆಯೇ.

ರಾತ್ರಿ ಹನ್ನೊಂದಕ್ಕೆ ಹೊಡೆತ ಬೀಳುತ್ತಿದೆ, ಏನು ಮಾಡಬೇಕು? ಮೊದಲು ಜೀವ ಉಳಿಸಿಕೊಳ್ಳಬೇಕು. 112ಕ್ಕೆ ಕರೆ ಮಾಡಿದರೆ ಪೊಲೀಸರು ಮನೆಗೇ ಬರುತ್ತಾರೆ. 181 ಮಹಿಳೆಯರ ಸಹಾಯವಾಣಿ. ಗಾಯವಾಗಿದ್ದರೆ ಆಸ್ಪತ್ರೆಗೆ ಹೋಗಿ ವೈದ್ಯರಿಗೆ ನಿಜ ಹೇಳಬೇಕು. 'ಬಚ್ಚಲಲ್ಲಿ ಜಾರಿ ಬಿದ್ದೆ' ಎಂದು ಹೇಳಿ ಮನೆತನದ ಮರ್ಯಾದೆ ಕಾಯುವ ಸಹೋದರಿ ತನ್ನ ಅತ್ಯಂತ ಬಲವಾದ ಸಾಕ್ಷ್ಯವನ್ನು ತನ್ನ ಕೈಯಾರೆ ಅಳಿಸಿದಂತಾಗುತ್ತದೆ. ವೈದ್ಯರು ಬರೆದ ಗಾಯದ ವಿವರ ಮುಂದೆ ನ್ಯಾಯಾಲಯದಲ್ಲಿ ಮಾತನಾಡುತ್ತದೆ.

ಪೊಲೀಸರು ದಯೆ ತೋರಿ ಮಾಡುವ ಉಪಕಾರ ಇದಲ್ಲ, ಅವರ ಕರ್ತವ್ಯ. ದೂರು ಬಂದೊಡನೆ ಆಕೆಗೆ ಸಂರಕ್ಷಣಾಧಿಕಾರಿ ಯಾರು, ಉಚಿತ ಕಾನೂನು ನೆರವು ಎಲ್ಲಿ ಸಿಗುತ್ತದೆ, ಯಾವ ಯಾವ ಆದೇಶ ಕೇಳಬಹುದು, ಕ್ರೌರ್ಯದ ಕ್ರಿಮಿನಲ್ ದೂರು ಕೊಡುವ ಹಕ್ಕಿದೆ ಎಂಬುದನ್ನೆಲ್ಲ ತಿಳಿಸಬೇಕೆಂದು ಕಾಯ್ದೆಯ ಐದನೆಯ ಕಲಮು ವಿಧಿಸಿದೆ. ಪತಿ ಅಥವಾ ಆತನ ಸಂಬಂಧಿಕರ ಕ್ರೌರ್ಯಕ್ಕೆ ಮೂರು ವರ್ಷದವರೆಗೆ ಸೆರೆವಾಸವಿದೆ. 1983ರಿಂದ ದಂಡಸಂಹಿತೆಯ 498-ಎ ಎಂದು ಪ್ರಸಿದ್ಧವಾಗಿದ್ದ ಈ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೆಯ ಕಲಮುಗಳಾಗಿವೆ. ಗಂಡನ ಮನೆ ಬಿಟ್ಟು ತವರಿಗೆ ಬಂದವಳು ತವರೂರಿನ ಠಾಣೆಯಲ್ಲೇ ದೂರು ಕೊಡಬಹುದು. 2019ರಲ್ಲಿ ಸುಪ್ರೀಂ ಕೋರ್ಟ್ ಹೀಗೆಂದು ಸ್ಪಷ್ಟಪಡಿಸಿತು. 'ಇದು ನಮ್ಮ ಸರಹದ್ದಲ್ಲ' ಎಂಬ ಉತ್ತರಕ್ಕೆ ಈಗ ಅವಕಾಶವಿಲ್ಲ. ಯಾವ ಠಾಣೆಯೇ ಆದರೂ ಎಫ್.ಐ.ಆರ್. ಬರೆದುಕೊಂಡು ಸಂಬಂಧಪಟ್ಟ ಠಾಣೆಗೆ ಕಳುಹಿಸಬೇಕು, ಅದರ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ಠಾಣೆಯವರು ದೂರು ತೆಗೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯವರಿಗೆ ಅಂಚೆಯಲ್ಲಿ ಬರೆದು ಕಳುಹಿಸಬಹುದು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿದ್ದಾರೆ.

ದೂರು ಕೊಟ್ಟೊಡನೆ ಗಂಡನ ಮನೆಯವರೆಲ್ಲ ಜೈಲಿಗೆ ಹೋಗುತ್ತಾರೆಂಬ ಭಯವೂ ಬೇಡ, ನಿರೀಕ್ಷೆಯೂ ಬೇಡ. 2014ರ ಅರ್ನೇಶ್ ಕುಮಾರ್ ಪ್ರಕರಣದ ಬಳಿಕ ಇಂಥ ದೂರುಗಳಲ್ಲಿ ಪೊಲೀಸರು ಕಾರಣವಿಲ್ಲದೆ ಬಂಧಿಸುವಂತಿಲ್ಲ, ಸಾಮಾನ್ಯವಾಗಿ ನೋಟೀಸು ಕೊಟ್ಟು ವಿಚಾರಿಸಬೇಕು. ಸುಳ್ಳು ದೂರು ಕೊಡುವುದು ಹರಾಮ್ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಜೈಲೇ ಬೇಡ, ಹೊಡೆತ ನಿಂತರೆ ಸಾಕು ಎನ್ನುವ ಸಹೋದರಿಯರೇ ಹೆಚ್ಚು. ಅವರಿಗೆ 2005ರ ಕಾಯ್ದೆಯೇ ಸರಿಯಾದ ದಾರಿ. ಕರ್ನಾಟಕದಲ್ಲಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳಾಗಿದ್ದಾರೆ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಅವರ ಕಚೇರಿ ಎಲ್ಲಿದೆಯೆಂದು ತಿಳಿಯುತ್ತದೆ. ಅವರು ನಡೆದುದನ್ನು ಬರೆದುಕೊಂಡು ಮ್ಯಾಜಿಸ್ಟ್ರೇಟರಿಗೆ ವರದಿ ಕಳುಹಿಸುತ್ತಾರೆ, ಅರ್ಜಿ ಹಾಕಲು ನೆರವಾಗುತ್ತಾರೆ. ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ಆಗಬೇಕು, ಅರ್ಜಿ 60 ದಿನದೊಳಗೆ ಇತ್ಯರ್ಥವಾಗಲು ಪ್ರಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಕೋರ್ಟುಗಳಲ್ಲಿ ಕೆಲಸದ ಹೊರೆ ಎಷ್ಟೆಂದು ಎಲ್ಲರಿಗೂ ಗೊತ್ತು, ತಡವಾಗುವುದುಂಟು. ಅದಕ್ಕೇ ಮಧ್ಯಂತರ ಆದೇಶವನ್ನು ಮೊದಲ ದಿನವೇ ಕೇಳಬೇಕು.

ಹೊಡೆಯಬಾರದು, ಆಕೆ ಕೆಲಸ ಮಾಡುವಲ್ಲಿಗೆ ಬರಬಾರದು, ಫೋನ್ ಮಾಡಿ ಕಾಡಬಾರದು, ಬ್ಯಾಂಕ್ ಲಾಕರನ್ನು ಮುಟ್ಟಬಾರದು ಎಂದೆಲ್ಲ ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಒಡವೆ ಹಿಂದಿರುಗಿಸಲು, ಖರ್ಚಿಗೆ ಕೊಡಲು, ಮಕ್ಕಳನ್ನು ತಾತ್ಕಾಲಿಕವಾಗಿ ತಾಯಿಯ ಬಳಿ ಬಿಡಲು ಹೇಳಬಹುದು. ಆಕೆಯ ರಕ್ಷಣೆಗೆ ಹತ್ತಿರದ ಠಾಣೆಯ ಅಧಿಕಾರಿಗೇ ನಿರ್ದೇಶನ ನೀಡಬಹುದು. ರಕ್ಷಣಾ ಆದೇಶ ಮುರಿದವನಿಗೆ ಒಂದು ವರ್ಷದವರೆಗೆ ಸೆರೆ ಅಥವಾ 20,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು, ಆ ಅಪರಾಧಕ್ಕೆ ಸುಲಭವಾಗಿ ಜಾಮೀನೂ ಇಲ್ಲ.

ಮನೆಯ ವಿಷಯ ಬಹಳ ಮುಖ್ಯ. 'ಮನೆ ನನ್ನ ಹೆಸರಿನಲ್ಲಿದೆ, ಹೊರಗೆ ನಡೆ' ಎಂದು ಮಾವ ಹೇಳಿದರೆ ಸೊಸೆ ಮಕ್ಕಳನ್ನು ಎತ್ತಿಕೊಂಡು ಬೀದಿಗೆ ಇಳಿಯಬೇಕಾಗಿಲ್ಲ. ಒಟ್ಟಿಗೆ ವಾಸಿಸಿದ ಮನೆ ಗಂಡನ ಸಂಬಂಧಿಕರ ಹೆಸರಿನಲ್ಲಿದ್ದರೂ ಅದರಲ್ಲಿ ವಾಸದ ಹಕ್ಕು ಕೇಳಬಹುದೆಂದು 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಅಲ್ಲಿರುವುದು ಅಪಾಯವೆಂದಾದರೆ ಬೇರೆ ಮನೆಗೆ ಬಾಡಿಗೆ ಕೊಡುವಂತೆ ಗಂಡನಿಗೆ ಆದೇಶ ಪಡೆಯಬಹುದು.

ಹೊಡೆದು ಹೊರಹಾಕುವಾಗ ಮೂರು ಸಲ ತಲಾಕ್ ಹೇಳಿ ಬಾಗಿಲು ಮುಚ್ಚುವವರಿದ್ದರು, ಈಗಲೂ ಇದ್ದಾರೆ. 2017ರ ಆಗಸ್ಟ್ 22ರ ತೀರ್ಪು ಹಾಗೂ 2019ರ ಕಾಯ್ದೆಯ ಪ್ರಕಾರ ಒಂದೇ ಉಸಿರಿನ ಆ ತಲಾಕ್ ಅಸಿಂಧು. ಹೇಳಿದವನು ಮೂರು ವರ್ಷದವರೆಗಿನ ಶಿಕ್ಷೆಗೆ ಗುರಿಯಾಗುತ್ತಾನೆ. ಈ ಕಾಯ್ದೆಯ ಶಿಕ್ಷೆಯ ಭಾಗದ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯವಿದೆ, ಅದು ಬೇರೆ ಚರ್ಚೆ. ಕಾನೂನಿನ ಕಣ್ಣಿನಲ್ಲಿ ಆಕೆ ಇನ್ನೂ ಪತ್ನಿ, ಆಕೆಯ ವಾಸದ ಹಕ್ಕು ಉಳಿದಿದೆ ಎಂಬುದು ಇಲ್ಲಿ ತಿಳಿಯಬೇಕಾದ ಸಂಗತಿ. ಇನ್ನು ಜೀವನಾಂಶ. ವಿಚ್ಛೇದಿತ ಮುಸ್ಲಿಂ ಮಹಿಳೆಯೂ ಎಲ್ಲರಿಗಿರುವ ಸಾಮಾನ್ಯ ಕಾನೂನಿನಡಿ ಜೀವನಾಂಶ ಕೇಳಬಹುದೆಂದು 2024ರ ಜುಲೈ 10ರಂದು ಸುಪ್ರೀಂ ಕೋರ್ಟ್ ಹೇಳಿದೆ.

ಗಂಡ ಖುಲಾಕ್ಕೂ ಒಪ್ಪದೆ, ಬಿಡದೆ, ಬಾಳಿಸದೆ ಸತಾಯಿಸಿದರೆ? 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆ ಇದಕ್ಕಾಗಿಯೇ ಇದೆ. ಪದೇ ಪದೇ ಹೊಡೆಯುವುದು, ಆಕೆಯ ಆಸ್ತಿಯನ್ನು ಮಾರಿಬಿಡುವುದು, ಎರಡು ವರ್ಷ ಖರ್ಚಿಗೆ ಕೊಡದಿರುವುದು ಇದರಲ್ಲಿ ವಿಚ್ಛೇದನಕ್ಕೆ ಕಾರಣಗಳು. ಇದು ಹೊರಗಿನವರು ಹೇರಿದ ಕಾನೂನಲ್ಲ. ಹನಫೀ ಮದ್‌ಹಬ್‌ನಲ್ಲಿ ದಾರಿ ಕಾಣದ ಮಹಿಳೆಯರ ಕಷ್ಟವನ್ನು ನೋಡಿ ಮೌಲಾನಾ ಅಶ್ರಫ್ ಅಲಿ ಥಾನವಿಯವರಂಥ ಉಲಮಾಗಳು ಮಾಲಿಕೀ ಮದ್‌ಹಬ್‌ನ ಅಭಿಪ್ರಾಯವನ್ನು ಸ್ವೀಕರಿಸಿದ್ದರ ಫಲ ಅದರ ಹಿಂದಿದೆ.

ಜಮಾಅತ್‌ನ ಹಿರಿಯರಲ್ಲಿ ಒಂದು ಮಾತು. ಎರಡೂ ಕಡೆಯಿಂದ ಒಬ್ಬೊಬ್ಬ ಮಧ್ಯಸ್ಥರನ್ನು ನೇಮಿಸಬೇಕೆಂಬ ಕುರ್‌ಆನಿನ ಆದೇಶ ಸಂಸಾರದ ಬಿರುಕಿಗೆ ಉತ್ತಮ ಮದ್ದು. ಆದರೆ ನಮ್ಮ ಅನೇಕ ಪಂಚಾತಿಗೆಗಳಲ್ಲಿ ಹೆಣ್ಣಿನ ಕಡೆಯವರು ಬಾಗಿಲಾಚೆ ನಿಂತಿರುತ್ತಾರೆ. 'ಇನ್ನು ಠಾಣೆಗೆ ಹೋಗುವುದಿಲ್ಲ' ಎಂದು ಆಕೆಯಿಂದ ಮುಚ್ಚಳಿಕೆ ಬರೆಸಿಕೊಂಡು, ಹೊಡೆದವನಿಂದ ಏನನ್ನೂ ಬರೆಸಿಕೊಳ್ಳದೆ ಕಳುಹಿಸುವುದು ಮಧ್ಯಸ್ಥಿಕೆಯಲ್ಲ. ಅಂಥ ಕಾಗದದಿಂದ ಆಕೆಯ ಹಕ್ಕು ಹೋಗುವುದೂ ಇಲ್ಲ. ಅಕ್ರಮಿಯಾದ ಸಹೋದರನಿಗೂ ಸಹಾಯ ಮಾಡಿ, ಆತನ ಕೈ ಹಿಡಿದು ತಡೆಯುವುದೇ ಆ ಸಹಾಯ ಎಂಬ ಪ್ರವಾದಿ(ಸ)ರ ಬೋಧನೆ ಬುಖಾರಿಯಲ್ಲಿದೆ. ರಕ್ತ ಬಂದ ಮೇಲೆ ಮೊದಲು ಆಸ್ಪತ್ರೆ ಮತ್ತು ಠಾಣೆ, ಮಾತುಕತೆ ಆಮೇಲೆ.

ನೆರೆಹೊರೆಯವರೂ ಸುಮ್ಮನಿರಬೇಕಾಗಿಲ್ಲ. ಹಿಂಸೆ ನಡೆಯುತ್ತಿದೆಯೆಂದು ಗೊತ್ತಿರುವ ಯಾರೇ ಆದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಮೊಕದ್ದಮೆ ನಿಲ್ಲದು. ವಕೀಲರ ಫೀಸಿಗೆ ಹಣವಿಲ್ಲವೆಂದು ಯಾರೂ ಹಿಂಜರಿಯಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯಾಗಿದ್ದರೆ ಸಾಕು, ಆಕೆಯ ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ನ್ಯಾಯಾಲಯದ ಆವರಣದಲ್ಲೇ ಇರುವ ಕಾನೂನು ಸೇವೆಗಳ ಸಮಿತಿಯ ಕಚೇರಿಗೆ ಹೋಗಬಹುದು ಅಥವಾ 15100ಕ್ಕೆ ಕರೆ ಮಾಡಬಹುದು. ಹೋಗುವಾಗ ನಿಕಾಹ್‌ನಾಮೆಯ ಪ್ರತಿ, ಆಧಾರ್, ಆಸ್ಪತ್ರೆಯ ಚೀಟಿಗಳು, ಒಡವೆಯ ಬಿಲ್ಲು ಅಥವಾ ಮದುವೆಯ ಫೋಟೋ ಜೊತೆಗಿರಲಿ. ಇವುಗಳ ಒಂದೊಂದು ನಕಲನ್ನು ಮೊದಲೇ ತವರಿನಲ್ಲಿ ಇಟ್ಟಿರುವುದು ಒಳ್ಳೆಯದು.