ಅಣುವಿನ ಕರೆಂಟೋ, ಬಿಸಿಲಿನ ಕರೆಂಟೋ?



2012ರಲ್ಲಿ ತಮಿಳುನಾಡಿನ ಹಳ್ಳಿಗಳಲ್ಲಿ ದಿನಕ್ಕೆ ಹತ್ತು ಹನ್ನೆರಡು ಗಂಟೆ ಕರೆಂಟಿಲ್ಲದೆ ಪೈರು ಬಾಡಿದ್ದು ಪಣಕಹಳ್ಳಿಯ ಸುತ್ತಿನ ನಮಗೆಲ್ಲ ತಿಳಿದ ಸಂಗತಿ. ಅಣುಸ್ಥಾವರವೇ ಇದಕ್ಕೆ ಮದ್ದೆಂದು ಕೆಲವರೂ, ಬಿಸಿಲು ಗಾಳಿಗಳೇ ಸಾಕೆಂದು ಕೆಲವರೂ ಹೇಳುತ್ತಾರೆ. ಎರಡನ್ನೂ ತೂಗಿ ನೋಡೋಣ.

ಮೊದಲು ತಿಳಿಯಬೇಕಾದುದು, ಸಾಮರ್ಥ್ಯ ಬೇರೆ, ಇಳುವರಿ ಬೇರೆ. ಕೂಡಂಕುಳದ 1000 ಮೆಗಾವಾಟಿನ ಒಂದು ಘಟಕ ಹಗಲಿರುಳು ಪೂರ್ತಿ ನಡೆದರೆ ದಿನಕ್ಕೆ 2 ಕೋಟಿ 40 ಲಕ್ಷ ಯೂನಿಟ್ ಕೊಡುತ್ತದೆ. ಅಷ್ಟೇ ಸಾಮರ್ಥ್ಯದ ಸೌರಫಲಕಗಳು ಕೊಡುವುದು ಸುಮಾರು 40ರಿಂದ 50 ಲಕ್ಷ ಯೂನಿಟ್. ನಮ್ಮ ಕೈಗಾದ ಒಂದನೆಯ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆಯಿತು. ಬಿಸಿಲಿಗೆ ಇದು ಸಾಧ್ಯವಿಲ್ಲ. ಜಾಗವೂ ಹೆಚ್ಚು ಬೇಕು: ಪಾವಗಡದ 2050 ಮೆಗಾವಾಟಿನ ಸೌರ ಉದ್ಯಾನಕ್ಕೆ ಸುಮಾರು 13,000 ಎಕರೆಯನ್ನು ರೈತರಿಂದ ಗುತ್ತಿಗೆಗೆ ಪಡೆಯಲಾಯಿತು.

ಇನ್ನು ಅಣುವಿನ ಕುಂದು. ಕೂಡಂಕುಳಕ್ಕೆ ಒಪ್ಪಂದವಾದದ್ದು 1988ರಲ್ಲಿ, ಕಟ್ಟಡ ಮೊದಲಾದದ್ದು 2002ರಲ್ಲಿ, ಕರೆಂಟು ಬಂದದ್ದು 2013ರಲ್ಲಿ. ಇಂದಿನ ಹಸಿವಿಗೆ ತೆಂಗಿನ ಸಸಿ ನೆಟ್ಟಂತೆ. ಫಲ ಬಹುಕಾಲ ಬರುವುದು ನಿಜ, ಆದರೆ ಈ ಬೇಸಗೆಗೆ ಒದಗದು. ಉರಿದುಳಿದ ಇಂಧನವನ್ನು ಸಾವಿರಾರು ವರ್ಷ ಕಾಯಬೇಕು. 2011ರಲ್ಲಿ ಜಪಾನಿನ ಫುಕುಶಿಮಾದಲ್ಲಿ ಆದ ಅನಾಹುತವನ್ನೂ ಮರೆಯಲಾಗದು.

ತಮಿಳುನಾಡಿನಲ್ಲಿ ಗಾಳಿಯ ಸುಗ್ಗಿ ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ. ಮೋಡ ಕವಿದು ಬಿಸಿಲು ಕುಂದುವ ದಿನಗಳಲ್ಲಿ ಗಾಳಿ ಕೈಹಿಡಿಯುತ್ತದೆ. ಆದರೂ ರಾತ್ರಿಗೆ ಕೂಡಿಡುವ ಏರ್ಪಾಡು ಬೇಕೇ ಬೇಕು. ಕಡಂಪಾರೈಯಲ್ಲಿ ಕರೆಂಟು ಹೆಚ್ಚಿದ್ದಾಗ ನೀರನ್ನು ಮೇಲಕ್ಕೆತ್ತಿ, ಕಡಿಮೆಯಾದಾಗ ಕೆಳಕ್ಕೆ ಬಿಟ್ಟು 400 ಮೆಗಾವಾಟ್ ತೆಗೆಯುತ್ತಾರೆ.

ಈಗ ನಮ್ಮ ಹೊಲದ ಲೆಕ್ಕ. 5 ಅಶ್ವಶಕ್ತಿಯ ಪಂಪು ಗಂಟೆಗೆ ಸುಮಾರು 4 ಯೂನಿಟ್ ತಿನ್ನುತ್ತದೆ. ಐದು ಗಂಟೆಗೆ 20 ಯೂನಿಟ್. 5 ಕಿಲೋವಾಟಿನ ಫಲಕಗಳು ಒಳ್ಳೆಯ ಬಿಸಿಲಿನ ದಿನ ಅಷ್ಟನ್ನು ಕೊಡಬಲ್ಲವು. ನೀರು ಹಗಲಲ್ಲೇ ಹರಿಯುವುದರಿಂದ, ಆನೆ ತಿರುಗುವ ರಾತ್ರಿಯಲ್ಲಿ ಮೋಟಾರು ಹಾಕಲು ಹೊಲಕ್ಕೆ ಹೋಗುವುದು ತಪ್ಪುತ್ತದೆ. ಜೀವಕ್ಕಿಂತ ಹೆಚ್ಚಿನ ಲಾಭ ಯಾವುದು?

ಆದರೆ ಎಚ್ಚರಿಕೆ: ಬಿಸಿಲು ಪುಕ್ಕಟೆ, ನೀರು ಪುಕ್ಕಟೆಯಲ್ಲ. ದಿನವಿಡೀ ಎತ್ತಿದರೆ ಕೊಳವೆಬಾವಿ ಬತ್ತೀತು. ಹನಿ ನೀರಾವರಿಯನ್ನು ಜೊತೆಗೆ ಮಾಡಿರಿ. ಪಂಪಿನ ಶಕ್ತಿಯನ್ನು ನೆರೆಯವರನ್ನು ನೋಡಿ ಆರಿಸದೆ, ಬಾವಿಯ ಆಳ ನೋಡಿ ಆರಿಸಿರಿ. 2019ರಲ್ಲಿ ಆರಂಭವಾದ ಪಿಎಂ ಕುಸುಮ್ ಯೋಜನೆಯ ಸಹಾಯಧನ ಈಗೆಷ್ಟು, ಉಚಿತ ಕರೆಂಟಿನ ಸಂಪರ್ಕಕ್ಕೆ ಅದರಿಂದ ಬಾಧಕವುಂಟೇ ಎಂಬುದನ್ನು ಕೃಷಿ ಇಂಜಿನಿಯರಿಂಗ್ ಇಲಾಖೆಯಲ್ಲಿ ವಿಚಾರಿಸಿಯೇ ಸಹಿ ಹಾಕಿರಿ.

ಹಗಲಿರುಳು ನಡೆಯುವ ಕಾರ್ಖಾನೆಗೆ ಅಣುವಿನ ಕರೆಂಟು ಒದಗಲಿ; ಹಗಲು ನೀರುಣ್ಣುವ ಹೊಲಕ್ಕೆ ಬಿಸಿಲೇ ತಕ್ಕುದೆಂದು ನಮ್ಮ ಅಭಿಪ್ರಾಯ.