ಒದ್ದೆಯೂ ತಂಪೂ ಒಟ್ಟಿಗೆ ಬರದಿರಲಿ

ಮಿಲ್ಡುರಾ, ವಿಕ್ಟೋರಿಯಾ

ಅನನ್ಯಾ,

ನಿನ್ನ ಪತ್ರ ತಲುಪಿತು. ಬ್ರಿಸ್ಬೇನಿನ ಈ ಫೆಬ್ರವರಿಯಲ್ಲಿ ನಿನ್ನ ಬಿಯರ್ಡೆಡ್ ಡ್ರ್ಯಾಗನ್ ಗುಂಡನ ಪೆಟ್ಟಿಗೆಯಲ್ಲಿ ತೇವ ಅಳೆಯುವ ಹೈಗ್ರೋಮೀಟರ್ 70 ತೋರಿಸಿದ್ದು ನೋಡಿ ಗಾಬರಿಯಾಗಿದ್ದೀಯ. ತೇವ ಇಳಿಸಲು ರಾತ್ರಿಯೆಲ್ಲ ದೀಪ ಉರಿಸಿಬಿಡಲೇ ಅಂತ ಕೇಳಿದ್ದೀಯ. ಬೇಡ ಮಗಳೇ. ಗುಂಡನಿಗೆ ಕತ್ತಲೂ ಬೇಕು, ಇರುಳಿನ ತಂಪೂ ಬೇಕು.

ನಾನಿರುವ ಕಡೆ ಬಿಯರ್ಡೆಡ್ ಡ್ರ್ಯಾಗನ್ ಸಾಕುಪ್ರಾಣಿಯಲ್ಲ, ಬಯಲಿನ ಪ್ರಾಣಿ. ನಮ್ಮೂರಿನ ಓತಿಕ್ಯಾತನ ಕುಟುಂಬದ್ದೇ. ಬೆಳಿಗ್ಗೆ ಬೇಲಿಗೂಟದ ತುದಿಯಲ್ಲಿ ಮೈ ಚಪ್ಪಟೆ ಮಾಡಿಕೊಂಡು ಕೂತಿರುತ್ತದೆ. ಬಿಸಿಲು ಹೀರಿಕೊಳ್ಳಲು ಬೆನ್ನು ಆಗ ಕಡುಬೂದಿಗೆ ತಿರುಗಿರುತ್ತದೆ. ಮೈ ಕಾದ ಮೇಲೆ ಅದೇ ಬೆನ್ನು ತಿಳಿಯಾಗುತ್ತದೆ, ಆಮೇಲೆ ಬಾಯಿ ತೆರೆಯುತ್ತದೆ, ಕೊನೆಗೆ ಇಳಿದು ಪೊದೆಯ ನೆರಳು ಸೇರುತ್ತದೆ. ಬಿಸಿಲಿಗೂ ನೆರಳಿಗೂ ಹೀಗೆ ಓಡಾಡಿಕೊಂಡೇ ಅದು ಮೈಯ ಶಾಖವನ್ನು ಕಾಯ್ದುಕೊಳ್ಳುವುದು. ಶಾಖದ ಪ್ರಭಾವ ಮೊಟ್ಟೆಯಿಂದಲೇ ಶುರು: ವರ್ಣತಂತುವಿನಲ್ಲಿ ಗಂಡಾಗಿರುವ ಭ್ರೂಣ 32 ಡಿಗ್ರಿ ಮೀರಿದ ಕಾವಿನಲ್ಲಿ ಹೆಣ್ಣಾಗಿ ಹೊರಬರಬಹುದು. ಬಯಲಿನಲ್ಲೂ ಹಾಗಾಗುತ್ತಿದೆ ಎಂದು ಕ್ಯಾನ್‌ಬೆರಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ತೋರಿಸಿಕೊಟ್ಟರು.

ಆದ್ದರಿಂದ ಪೆಟ್ಟಿಗೆಯಲ್ಲಿ ಮೊದಲು ಬೇಕಾದ್ದು ಎರಡು ತುದಿ. ದೀಪದ ಕೆಳಗಿನ ಕಲ್ಲಿನ ಮೇಲ್ಮೈ 38ರಿಂದ 42 ಡಿಗ್ರಿ, ಎದುರು ತುದಿ 24ರಿಂದ 28. ಇದಕ್ಕೆ 120 ಸೆಂಟಿಮೀಟರ್ ಉದ್ದವಾದರೂ ಬೇಕು. ಗಿಡ್ಡ ಪೆಟ್ಟಿಗೆಯಲ್ಲಿ ಎರಡೂ ತುದಿ ಒಂದೇ ಆಗಿ, ಅದಕ್ಕೆ ಓಡಿಹೋಗಲು ಜಾಗವೇ ಉಳಿಯುವುದಿಲ್ಲ. ನಿಮ್ಮ ಬೇಸಿಗೆಯಲ್ಲಿ ನನಗೆ ತೇವಕ್ಕಿಂತ ಹೆಚ್ಚು ಹೆದರಿಕೆ ಇದರದ್ದೇ. ಕೋಣೆಯೇ 34 ಡಿಗ್ರಿಗೆ ಏರಿದ ದಿನ ದೀಪ ತನ್ನ ಪಾಡಿಗೆ ಉರಿಯುತ್ತಿದ್ದರೆ ಪ್ರಾಣಕ್ಕೇ ಕುತ್ತು. ಥರ್ಮೋಸ್ಟಾಟ್ ಇಲ್ಲದೆ ದೀಪ ಹಚ್ಚಬೇಡ. ಕಲ್ಲಿನ ಶಾಖವನ್ನು ಇನ್‌ಫ್ರಾರೆಡ್ ಗನ್ನಿನಿಂದ ಅಳೆ. ಗೋಡೆಗೆ ಅಂಟಿಸುವ ಮುಳ್ಳಿನ ಮಾಪಕವನ್ನು ನಂಬಬೇಡ.

ಈಗ ನಿನ್ನ 70ರ ವಿಷಯ. ಮಳೆಗಾಲದಲ್ಲಿ ಸಾಗರದ ಮನೆಯಲ್ಲಿ ಅಜ್ಜಿ ಒದ್ದೆ ಬಟ್ಟೆಯನ್ನು ಬಚ್ಚಲೊಲೆಯ ಮೇಲಿನ ಗಳುವಿಗೆ ಹರಡುತ್ತಿದ್ದದ್ದು ನೆನಪಿದೆಯಾ? ಹೊರಗೆ ಜಡಿಮಳೆ, ಆದರೂ ಬಟ್ಟೆ ಒಣಗುತ್ತಿತ್ತು. ಗಾಳಿ ಕಾದಷ್ಟೂ ಅದು ಹಿಡಿದಿಡಬಲ್ಲ ನೀರು ಹೆಚ್ಚು. ಹೈಗ್ರೋಮೀಟರ್ ತೋರಿಸುವುದು ಗಾಳಿಯಲ್ಲಿರುವ ನೀರನ್ನಲ್ಲ, ಆ ಶಾಖಕ್ಕೆ ಅದು ಎಷ್ಟು ಶೇಕಡ ತುಂಬಿದೆ ಎಂಬುದನ್ನು. 26 ಡಿಗ್ರಿಯಲ್ಲಿ 70 ತೋರಿಸುವ ಗಾಳಿ 40 ಡಿಗ್ರಿಗೆ ಕಾದರೆ ಸುಮಾರು 32ಕ್ಕೆ ಇಳಿಯುತ್ತದೆ, ಅದರಿಂದ ಒಂದು ಹನಿ ನೀರೂ ತೆಗೆಯದೆ. ನೀನು ಮಾಪಕ ಇಟ್ಟಿರುವುದು ತಂಪು ತುದಿಯಲ್ಲಿ, ಅದೂ ನೀರಿನ ಬಟ್ಟಲ ಪಕ್ಕ. ಬಿಸಿ ತುದಿಗೂ ಒಂದು ಇಡು, ಆಮೇಲೆ ಮಾತಾಡೋಣ. ಹಗಲು ನಡುಭಾಗದಲ್ಲಿ 30ರಿಂದ 40 ಇದ್ದರೆ ಸಾಕು. ದೀಪ ಆರಿದ ಮೇಲೆ ಅಂಕಿ ಏರುವುದು ಸಹಜ.

ಕೆಡುಕು ಮಾಡುವುದು ತೇವದ ಜೊತೆ ತಂಪು ಸೇರಿದಾಗ. ಒದ್ದೆ ನೆಲದ ಮೇಲೆ ಹೊಟ್ಟೆಯಿಟ್ಟು, ಕಾಯಿಸಿಕೊಳ್ಳಲು ಬಿಸಿಯಿಲ್ಲದೆ ದಿನಗಟ್ಟಲೆ ಬಿದ್ದಿದ್ದರೆ ಚರ್ಮ ಕೊಳೆಯುತ್ತದೆ, ಶ್ವಾಸಕೋಶಕ್ಕೆ ಸೋಂಕು ಹತ್ತುತ್ತದೆ. ತೆಂಗಿನ ನಾರು, ಮರದ ತೊಗಟೆ ಹಾಸಿದ್ದರೆ ಇವತ್ತೇ ತೆಗೆ. ನಿಮ್ಮ ಊರಿಗೆ ಟೈಲ್ಸೋ ಹಳೆ ಪೇಪರೋ ಒಳ್ಳೆಯದು. ಗಾಳಿಕಂಡಿ ತಂಪು ತುದಿಯಲ್ಲಿ ಕೆಳಗೆ, ಬಿಸಿ ತುದಿಯಲ್ಲಿ ಮೇಲೆ ಇರಲಿ. ಬಿಸಿಗಾಳಿ ಮೇಲಿಂದ ಹೊರಬಿದ್ದಂತೆ ಕೆಳಗಿಂದ ಹೊಸ ಗಾಳಿ ತಾನಾಗಿ ಬರುತ್ತದೆ. ತೀರಾ ಮಬ್ಬಿನ ದಿನಗಳಲ್ಲಿ ಏಸಿಯನ್ನು ಡ್ರೈ ಮೋಡಿಗೆ ಹಾಕು. ಪೆಟ್ಟಿಗೆಯೊಳಗೆ ನೀರು ಚಿಮುಕಿಸುವುದನ್ನು ಬಿಟ್ಟುಬಿಡು.

ಹಾಗಂತ ಬಟ್ಟಲನ್ನೇ ಎತ್ತಿಡಬೇಡ, ನಿತ್ಯ ಹೊಸ ನೀರು ಇರಲಿ. ಗಾಳಿ ತೀರಾ ಒಣಗಿದರೂ ಪೊರೆ ಸರಿಯಾಗಿ ಕಳಚದೆ ಬೆರಳಿಗೋ ಬಾಲದ ತುದಿಗೋ ಬಿಗಿದುಕೊಂಡು ರಕ್ತ ತಡೆಯುತ್ತದೆ. ಸ್ನಾನ ಮಾಡಿಸಿದರೆ ಗುದದ್ವಾರದಿಂದ ನೀರು ಹೀರಿಕೊಳ್ಳುತ್ತದೆ ಅಂತ ಅಂಗಡಿಯವರು ಹೇಳಿದ್ದು ನಿಜವಲ್ಲ. ಅದು ಬಾಯಲ್ಲೇ ಕುಡಿಯುವುದು. ಇನ್ನು ನಿಮ್ಮ ಚಳಿಗಾಲದ ಜೂನ್, ಜುಲೈಯಲ್ಲಿ ಕೋಣೆ ರಾತ್ರಿ 18 ಡಿಗ್ರಿಗಿಂತ ಇಳಿದರೆ ಬೆಳಕಿಲ್ಲದ ಸೆರಾಮಿಕ್ ಹೀಟರ್ ಹಾಕು. ಕೆಂಪು, ನೀಲಿ ದೀಪಗಳು ಬೇಡ. ಒಳಗಿನಿಂದ ಕಾಯುವ ಕಲ್ಲನ್ನಂತೂ ತರಲೇಬೇಡ, ಹೊಟ್ಟೆ ಸುಡುತ್ತದೆ.

ದೀಪದ ಕೆಳಗೆ ಬಾಯಿ ತೆರೆದು ಕೂತರೆ ಅದು ಕಾವು ಹೊರಹಾಕುತ್ತಿದೆ ಅಷ್ಟೇ. ತಂಪು ತುದಿಯಲ್ಲಿ ಬಾಯಿ ತೆರೆದುಕೊಂಡಿದ್ದರೆ, ಮೂಗಿನ ಹೊಳ್ಳೆಯಲ್ಲಿ ಗುಳ್ಳೆ ಕಂಡರೆ, ಉಸಿರಿನಲ್ಲಿ ಚಿಟಚಿಟ ಸದ್ದು ಕೇಳಿದರೆ, ನನ್ನ ಪತ್ರಕ್ಕೆ ಕಾಯದೆ ಸರೀಸೃಪ ನೋಡುವ ಪಶುವೈದ್ಯರ ಹತ್ತಿರ ಅವತ್ತೇ ಕರೆದೊಯ್ಯಿ.

ಒಂದು ವಾರ ಬೆಳಿಗ್ಗೆ ದೀಪ ಹಚ್ಚುವ ಮೊದಲು, ಮಧ್ಯಾಹ್ನ, ರಾತ್ರಿ ಮಲಗುವಾಗ ಎರಡೂ ತುದಿಯ ಶಾಖ, ತೇವಾಂಶ ಬರೆದು ಕಳಿಸು. ಆಗ ಗುಂಡ ಎಲ್ಲಿ ಕೂತಿದ್ದ ಅನ್ನುವುದನ್ನೂ ಮರೆಯದೆ ಬರಿ, ನನಗೆ ಅಂಕಿಗಿಂತ ಅದು ಮುಖ್ಯ.

ನಿನ್ನ ದೊಡ್ಡಮ್ಮ