ಯೆಜ್ಡಿ ಕಾರ್ಬುರೇಟರ್: ಮೊದಲು ಗುರುತು ಹಿಡಿಯಿರಿ, ಆಮೇಲೆ ಪಾನಾ ಹಿಡಿಯಿರಿ

ನಮ್ಮ ಹಾಸ್ಟೆಲ್ ಮುಂದೆ ನಿಂತಿರೋ ಬೈಕುಗಳಲ್ಲಿ ಹೆಚ್ಚಿನವು 2020ರ ಏಪ್ರಿಲ್ ನಂತರದವು. ಬಿಎಸ್6 ಬಂದ ಮೇಲೆ ಬಹುತೇಕ ಹೊಸ ಗಾಡಿಗಳಿಂದ ಕಾರ್ಬುರೇಟರ್ ಮಾಯವಾಯ್ತು, ಫ್ಯೂಯೆಲ್ ಇಂಜೆಕ್ಷನ್ ಬಂತು. ಹಾಗಾಗಿ ನಮ್ಮ ಪಾಲಿಗೆ ಕಾರ್ಬುರೇಟರ್ ಅಂದ್ರೆ ಪಠ್ಯಪುಸ್ತಕದ ಒಂದು ಚಿತ್ರ, ಪರೀಕ್ಷೆಯ ಒಂದು ಪ್ರಶ್ನೆ, ಅಷ್ಟೇ. ಆದರೆ ಹುಕ್ಕೇರಿ, ಗೋಕಾಕ ಕಡೆಯ ಹಳ್ಳಿಗಳ ಹಿತ್ತಲಲ್ಲಿ, ಕಬ್ಬಿನ ಗದ್ದೆಯ ಪಂಪ್‌ಹೌಸ್ ಪಕ್ಕದಲ್ಲಿ ಇವತ್ತಿಗೂ ಯೆಜ್ಡಿ, ರಾಜದೂತ್, ಆರ್‌ಎಕ್ಸ್100 ನಿಂತಿವೆ. ಈ ಸಲ ನಾವು ಪಾಠಕ್ಕೆ ಎತ್ತಿಕೊಂಡದ್ದು ಬೆಲ್ಲದ ಬಾಗೇವಾಡಿಯ ಒಂದು ಯೆಜ್ಡಿ ರೋಡ್‌ಕಿಂಗ್.

ಯೆಜ್ಡಿ ನಮ್ಮದೇ ರಾಜ್ಯದ ಗಾಡಿ. ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾದದ್ದು 1961ರಲ್ಲಿ. ಚೆಕೊಸ್ಲೊವಾಕಿಯಾದ ಜಾವಾ ವಿನ್ಯಾಸವನ್ನು ಮೊದಲು ಅದೇ ಹೆಸರಲ್ಲಿ, 1973ರಿಂದ ಯೆಜ್ಡಿ ಹೆಸರಲ್ಲಿ ಕಟ್ಟಿದರು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಂದ್ರೆ ಅಲ್ಲಿಂದ ಹೊರಬಂದ ಕೊನೆಯ ಗಾಡಿಗೂ ಈಗ ಮೂವತ್ತು ವರ್ಷದ ಹತ್ತಿರ ವಯಸ್ಸು. ಅಷ್ಟು ವರ್ಷದಲ್ಲಿ ಒಂದು ಗಾಡಿ ಎಷ್ಟು ಮಿಸ್ತ್ರಿಗಳ ಕೈ ದಾಟಿರುತ್ತೆ ಅನ್ನೋದೇ ನಮ್ಮ ಪಾಠದ ಮೊದಲ ಅಂಶ.

ನಾವು ನೋಡಿದ ಗಾಡಿಯ ಕಾಕಾ ಅದನ್ನು ಗುಜರಿಗೆ ಹಾಕೋ ವಿಚಾರದಲ್ಲಿದ್ದರು. ಕಿಕ್ ಹೊಡೆದರೆ ಎರಡು ಸಲ ಕೆಮ್ಮಿ ಸುಮ್ಮನಾಗುತ್ತಿತ್ತು. ಪ್ಲಗ್‌ನಲ್ಲಿ ಕಿಡಿ ಇದೆ, ಕಂಪ್ರೆಷನ್ ಇದೆ. "ಕಾರ್ಬುರೇಟರ್ ಹೋಗೇತ್ರಿ ಕಾಕಾ, ಹೊಸಾದ್ ಹಾಕ್ರಿ, ಇದನ್ನ ಬಿಚ್ಚೂದು ಯಾರ ಕೈಲೂ ಆಗೂದಿಲ್ಲ" ಅಂತ ಊರ ಮಿಸ್ತ್ರಿ ಹೇಳಿದ್ದರಂತೆ. ಪೇಟೆಯಿಂದ ತಂದ ಒಂದು ರಿಪೇರಿ ಕಿಟ್ ಕೂಡ ಮನೆಯಲ್ಲಿತ್ತು. ಅದು ಜಿಕೊವ್ ಕಾರ್ಬುರೇಟರ್‌ನ ಕಿಟ್. ಗಾಡಿಯ ಮೇಲೆ ಕೂತಿದ್ದು ಜಿಕೊವ್ ಆಗಿರಲೇ ಇಲ್ಲ.

ಗುರುತು ಹಿಡಿಯೋದು ಅಂದ್ರೆ ಇದೇ. ಗಾಡಿಯ ಹೆಸರು ನೋಡಿ ಕಾರ್ಬುರೇಟರ್ ಯಾವುದು ಅಂತ ಹೇಳಬಾರದು, ಕಾರ್ಬುರೇಟರ್ ಮೈ ನೋಡಿ ಹೇಳಬೇಕು. ಸೀಮೆಎಣ್ಣೆ ಅದ್ದಿದ ಹಲ್ಲುಜ್ಜುವ ಬ್ರಷ್‌ನಿಂದ ಮಣ್ಣು, ಜಿಡ್ಡು ತೆಗೆದರೆ ಬಾಡಿಯ ಪಕ್ಕದಲ್ಲಿ ಅಚ್ಚು ಕಾಣುತ್ತೆ. ಜಾವಾ, ಯೆಜ್ಡಿ ವಂಶದ ಜಿಕೊವ್‌ನಲ್ಲಿ 2924, 2926 ಥರದ ಅಂಕಿ ಇರುತ್ತೆ. ಕೊನೆಯ ಎರಡು ಅಂಕಿ ಗಾಳಿ ದಾರಿಯ ವ್ಯಾಸ, ಮಿಲಿಮೀಟರಿನಲ್ಲಿ. ಮಿಕುನಿ ವಂಶದ್ದಾದರೆ ವಿಎಂ20, ವಿಎಂ24 ಅಂತ ಇರುತ್ತೆ, ಅಲ್ಲಿಯೂ ಅಂಕಿ ಅಂದ್ರೆ ವ್ಯಾಸವೇ. ಅಚ್ಚು ಅಳಿಸಿಹೋಗಿದ್ದರೆ ವರ್ನಿಯರ್‌ನಿಂದ ಎಂಜಿನ್ ಕಡೆಯ ರಂಧ್ರ ಅಳೆಯಿರಿ, ಫ್ಲಾಂಜ್‌ನ ಎರಡು ಬೋಲ್ಟ್‌ಗಳ ಅಂತರ ಅಳೆಯಿರಿ. ಅಮೆರಿಕದ ಹಳೆಯ ಮಸಲ್ ಕಾರ್‌ಗಳನ್ನು ಕಟ್ಟುವವರು ಕೂಡ ಇದನ್ನೇ ಮಾಡೋದು. ಹಾಲಿ ಕಂಪನಿಯ ಕಾರ್ಬುರೇಟರ್ ಆದರೆ ಚೋಕ್‌ನ ಗೋಡೆ ಮೇಲೆ ಕೊರೆದ ಲಿಸ್ಟ್ ನಂಬರ್ ಓದಿದ ಮೇಲೆಯೇ ಅವರು ಕಿಟ್ ಕೊಳ್ಳೋದು. 6.4 ಲೀಟರ್ ಎಂಜಿನ್ನಾದರೂ 250 ಸಿಸಿ ಯೆಜ್ಡಿಯಾದರೂ ನಿಯಮ ಒಂದೇ.

ನಮ್ಮ ಗಾಡಿಯ ಮೇಲೆ ಕಂಡದ್ದು ವಿಎಂ24. ಬುಲೆಟ್ 350ರಲ್ಲಿ ಬರುತ್ತಿದ್ದ ಅಳತೆ. ಯಾವುದೋ ಕಾಲದಲ್ಲಿ ಯಾರೋ ಸಿಕ್ಕಿದ್ದನ್ನು ತಂದು ಕೂರಿಸಿದ್ದಾರೆ. ಇದು ಅಪರಾಧವೇನಲ್ಲ, ಹಳ್ಳಿಯಲ್ಲಿ ಗಾಡಿ ಓಡಬೇಕು, ಅಷ್ಟೇ. ಆದರೆ ಒಳಗಿನ ಜೆಟ್, ನೀಡಲ್ ಯಾವ ಎಂಜಿನ್‌ಗೆ ಲೆಕ್ಕ ಹಾಕಿದ್ದು ಅಂತ ಗೊತ್ತಿಲ್ಲದೆ ಮುಂದೆ ಹೋಗೋ ಹಾಗಿಲ್ಲ.

ಇನ್ನು ಬಿಚ್ಚೋಣ. ಪೆಟ್ರೋಲ್ ನಲ್ಲಿ ಬಂದ್ ಮಾಡಿ, ಬಯಲಲ್ಲಿ ಕೂತು, ಬೀಡಿ ಸೇದುವವರನ್ನು ದೂರ ಕಳಿಸಿ. ಮೇಲಿನ ಮುಚ್ಚಳ ತಿರುಗಿಸಿ ಎಳೆದರೆ ಸ್ಲೈಡ್, ಅದರ ಜೊತೆ ನೀಡಲ್ ಹೊರಬರುತ್ತೆ. ನೀಡಲ್‌ನ ಕ್ಲಿಪ್ ಮೇಲಿನಿಂದ ಎಷ್ಟನೇ ಗೆರೆಯಲ್ಲಿದೆ ಅಂತ ಬರೆದುಕೊಳ್ಳಿ. ಏರ್ ಸ್ಕ್ರೂ ತೆಗೆಯುವ ಮೊದಲು ಅದನ್ನು ಮೆಲ್ಲಗೆ ಒಳಗೆ ತಿರುಗಿಸಿ, ತಳ ಮುಟ್ಟಲು ಎಷ್ಟು ಸುತ್ತು ಬೇಕಾಯ್ತು ಎಣಿಸಿ, ಬರೆದುಕೊಳ್ಳಿ. ಫೋಟೋ ಇದ್ದರೂ ಬರೆದುಕೊಳ್ಳಿ, ಫೋಟೋದಲ್ಲಿ ಸುತ್ತು ಕಾಣೋದಿಲ್ಲ. ಫ್ಲೋಟ್ ಬೌಲ್‌ನ ಸ್ಕ್ರೂಗಳು ಜಪಾನಿ ಅಳತೆಯವು. ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್ ಹಾಕಿದರೆ ತಲೆ ಸವೆದುಹೋಗುತ್ತೆ. ಸರಿಯಾಗಿ ಕೂರುವ ತುದಿ ಹುಡುಕಿ, ಒತ್ತಿ ಹಿಡಿದು ತಿರುಗಿಸಿ.

ಬೌಲ್ ತೆಗೆದಾಗ ತಳದಲ್ಲಿ ಬೆಲ್ಲದ ಪಾಕದಂಥ ಅಂಟು, ಅದರ ಪಕ್ಕದಲ್ಲಿ ಬಿಳಿ ಪುಡಿ ಕಂಡಿತು. ಅಂಟು ಒಣಗಿದ ಪೆಟ್ರೋಲ್‌ನದ್ದು. ಬಿಳಿ ಪುಡಿ ಬಾಡಿಯ ಸತುವಿನ ಮಿಶ್ರಲೋಹ ನೀರು ತಾಗಿ ತಿಂದುಹೋದದ್ದು. ಪೈಲಟ್ ಜೆಟ್ ಪೂರ್ತಿ ಮುಚ್ಚಿತ್ತು. ಗಾಡಿ ಕೆಮ್ಮಿ ನಿಲ್ಲುತ್ತಿದ್ದುದು ಇದಕ್ಕೇ: ಕಿಕ್ ಹೊಡೆದಾಗ ಥ್ರಾಟಲ್ ಬಹುತೇಕ ಮುಚ್ಚಿರುತ್ತೆ, ಆಗ ಎಂಜಿನ್‌ಗೆ ಪೆಟ್ರೋಲ್ ಕೊಡೋದು ಪೈಲಟ್ ದಾರಿ ಮಾತ್ರ. ಇದರ ರಂಧ್ರಕ್ಕೆ ಉಕ್ಕಿನ ತಂತಿ ತೂರಿಸಬೇಡಿ. ಹಿತ್ತಾಳೆ ಮೆದು, ರಂಧ್ರ ಅಗಲವಾದರೆ ಮೇಲೆ ಬರೆದ ನಂಬರ್ ಸುಳ್ಳಾಗುತ್ತೆ. ಕ್ಲೀನರ್‌ನಲ್ಲಿ ರಾತ್ರಿಯಿಡೀ ನೆನೆಸಿ, ವೈರ್‌ನಿಂದ ಬಿಡಿಸಿದ ತಾಮ್ರದ ಒಂದೇ ಎಳೆ ಆಡಿಸಿ, ಪಂಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿದರೆ ಸಾಕು.

ಎರಡು ಜಾಗ ಜನ ಸಾಮಾನ್ಯವಾಗಿ ನೋಡೋದಿಲ್ಲ. ಒಂದು ಫ್ಲಾಂಜ್. ಗಾಳಿ ಸೋರಬಾರದು ಅಂತ ಬೋಲ್ಟ್‌ಗಳನ್ನು ಜೋರಾಗಿ ಬಿಗಿದು ಬಿಗಿದು ಅದು ಬಿಲ್ಲಿನ ಹಾಗೆ ಬಾಗಿರುತ್ತೆ, ಆಗ ನಡುವೆ ಗಾಳಿ ಇನ್ನೂ ಹೆಚ್ಚು ಸೋರುತ್ತೆ. ಗಾಜಿನ ಮೇಲೆ ಎಮರಿ ಕಾಗದ ಇಟ್ಟು, ಫ್ಲಾಂಜನ್ನು ಎಂಟರ ಆಕಾರದಲ್ಲಿ ಉಜ್ಜಿ. ಮೈಯೆಲ್ಲ ಒಂದೇ ಬಣ್ಣ ಬರುವವರೆಗೆ. ಇನ್ನೊಂದು ಫ್ಲೋಟ್. ಹಿತ್ತಾಳೆ ಫ್ಲೋಟನ್ನು ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ಪೆಟ್ರೋಲ್ ಸದ್ದು ಕೇಳಿದರೆ ತೂತಾಗಿದೆ. ಪೆಟ್ರೋಲ್ ಪೂರ್ತಿ ತೆಗೆದು ಒಣಗಿಸದೆ ಅದಕ್ಕೆ ಬೆಸುಗೆಯ ಕಾವು ತಾಗಿಸಲೇಬಾರದು, ಸಿಡಿಯುತ್ತೆ. ಬೆಸುಗೆ ದಪ್ಪವಾದರೆ ಫ್ಲೋಟ್ ಭಾರವಾಗಿ, ಬೌಲ್‌ನಲ್ಲಿ ಪೆಟ್ರೋಲ್ ಮಟ್ಟ ಏರುತ್ತೆ. ಹೊಸ ಫ್ಲೋಟ್ ಸಿಗುವುದಾದರೆ ಬೆಸುಗೆ ಗೋಜಿಗೇ ಹೋಗಬೇಡಿ ಅನ್ನೋದು ನಮ್ಮ ಅಭಿಪ್ರಾಯ.

ಈಗ ಲೆಕ್ಕದ ಭಾಗ. ಇದು ಹಳೆಯ ಮಿಸ್ತ್ರಿಗಳ ಕಾಲದಲ್ಲಿ ಇರಲಿಲ್ಲ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಇ20 ಪೆಟ್ರೋಲ್‌ಗೆ ಚಾಲನೆ ಸಿಕ್ಕಿತು; ಈಗ ಬಂಕ್‌ಗಳಲ್ಲಿ ಸಿಗೋದು ಅದೇ, ಶೇ. 20 ಎಥನಾಲ್. ಬೆಲ್ಲದ ಬಾಗೇವಾಡಿಯ ಸಕ್ಕರೆ ಕಾರ್ಖಾನೆಯಲ್ಲೇ ಎಥನಾಲ್ ಮಾಡುತ್ತಾರೆ. ಕಾಕಾ ಬೆಳೆದ ಕಬ್ಬು ಅವರದೇ ಗಾಡಿಯ ಟ್ಯಾಂಕಿಗೆ ಬಂದರೂ ಬರಬಹುದು!

ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಟ್ಟು ಗಾಳಿ ಬೇಕು. ಎಥನಾಲ್‌ಗೆ ಸುಮಾರು 9 ಪಟ್ಟು ಸಾಕು, ಏಕೆಂದರೆ ಅದರ ಅಣುವಿನಲ್ಲೇ ಆಮ್ಲಜನಕ ಇದೆ. ಸಾಂದ್ರತೆ ಲೆಕ್ಕ ಹಿಡಿದರೆ ಇ20ಕ್ಕೆ ಸುಮಾರು 13.5 ಬರುತ್ತೆ. ಅಂದ್ರೆ ಅದೇ ಗಾಳಿಗೆ ಶೇ. 9ರಷ್ಟು ಹೆಚ್ಚು ಇಂಧನ ಬೇಕು. ಇ20 ತುಸು ಭಾರ, ಆದ್ದರಿಂದ ಜೆಟ್ ಮೂಲಕ ತುಸು ಹೆಚ್ಚೇ ಹರಿಯುತ್ತೆ. ಅದನ್ನು ಕಳೆದರೆ ಜೆಟ್‌ನ ವಿಸ್ತೀರ್ಣ ಸುಮಾರು ಶೇ. 8 ಹೆಚ್ಚಬೇಕು. ಇಂಜೆಕ್ಷನ್ ಗಾಡಿಯಲ್ಲಿ ಸೆನ್ಸರ್ ಇದನ್ನು ಸರಿಮಾಡಿಕೊಳ್ಳುತ್ತೆ. ಕಾರ್ಬುರೇಟರ್‌ಗೆ ಬುದ್ಧಿ ಇಲ್ಲ, ಇರೋದು ಬರ್ನೂಲಿ ಮಾತ್ರ. ಮಿಶ್ರಣ ತೆಳುವಾದ ಟೂ ಸ್ಟ್ರೋಕ್ ಎಂಜಿನ್ ಬಿಸಿಯಾಗಿ ಪಿಸ್ಟನ್ ಕಚ್ಚಿಕೊಳ್ಳುವ ಅಪಾಯ ಇದೆ.

ಇಲ್ಲೇ ಗುರುತಿನ ಪಾಠ ಮತ್ತೆ ಬರುತ್ತೆ. ಜೆಟ್ ಮೇಲೆ 100 ಅಂತ ಇದೆ ಅನ್ನೋಣ. ಜಿಕೊವ್‌ನಲ್ಲಿ ಅದು ವ್ಯಾಸ, 1.00 ಮಿ.ಮೀ. ವಿಸ್ತೀರ್ಣ ವ್ಯಾಸದ ವರ್ಗಕ್ಕೆ ತಕ್ಕಂತೆ ಬದಲಾಗುವುದರಿಂದ 104 ಹಾಕಿದರೆ ಶೇ. 8 ಸಿಕ್ಕಿತು. ಮಿಕುನಿಯ ದೊಡ್ಡ ಷಟ್ಕೋನ ತಲೆಯ ಮೇನ್ ಜೆಟ್‌ನಲ್ಲಿ ಅಂಕಿ ಹರಿವಿನದ್ದು, ಅಲ್ಲಿ 108ರ ಹತ್ತಿರದ್ದು ಬೇಕು. ಅಂಕಿ ಒಂದೇ ಆದರೂ ಉತ್ತರ ಎರಡು. ಇದು ಶುದ್ಧ ಪೆಟ್ರೋಲ್‌ಗೆ ಸರಿಯಾಗಿದ್ದ ಜೆಟ್‌ನಿಂದ ಮಾಡಿದ ಲೆಕ್ಕ. ಮೊದಲೇ ಹೊಗೆ ಉಗುಳುತ್ತಿದ್ದ ಗಾಡಿಗೆ ಜೆಟ್ ಬದಲಿಸೋದೇ ಬೇಡವಾಗಬಹುದು.

ಜೋಡಿಸುವಾಗ ಹಳೆಯ ರಬ್ಬರ್ ಒಂದನ್ನೂ ವಾಪಸ್ ಹಾಕಬೇಡಿ. ಎಥನಾಲ್‌ಗೆ ಹಳೆಯ ಓ-ರಿಂಗ್, ಪೆಟ್ರೋಲ್ ಪೈಪ್ ಉಬ್ಬಿ ಬಿರುಕು ಬಿಡುತ್ತವೆ. ಟ್ಯಾಂಕ್ ತೊಳೆದು, ಪೈಪ್ ಮಧ್ಯೆ ಫಿಲ್ಟರ್ ಹಾಕಿ. ಏರ್ ಸ್ಕ್ರೂ ತಳದಿಂದ ಒಂದೂವರೆ ಸುತ್ತು ಹೊರಗೆ ಇಟ್ಟು ಶುರು ಮಾಡಿ. ವಿಎಂನಲ್ಲಿ ಈ ಸ್ಕ್ರೂ ಏರ್ ಫಿಲ್ಟರ್ ಕಡೆಗಿದೆ, ಹೊರಗೆ ಬಿಟ್ಟಷ್ಟೂ ಗಾಳಿ ಹೆಚ್ಚು. ಎಂಜಿನ್ ಕಡೆ ಸ್ಕ್ರೂ ಇರುವ ಕಾರ್ಬುರೇಟರ್‌ನಲ್ಲಿ ಇದು ಸಾಮಾನ್ಯವಾಗಿ ಉಲ್ಟಾ, ಹೊರಗೆ ಬಿಟ್ಟಷ್ಟೂ ಪೆಟ್ರೋಲ್ ಹೆಚ್ಚು. ಗಾಡಿ ಬಿಸಿಯಾದ ಮೇಲೆ ಕಾಲು ಕಾಲು ಸುತ್ತು ತಿರುಗಿಸುತ್ತ ಐಡಲಿಂಗ್ ಅತಿ ಹೆಚ್ಚು ಆಗುವ ಜಾಗ ಹುಡುಕಿ, ಆಮೇಲೆ ಸ್ಲೈಡ್ ಸ್ಕ್ರೂನಿಂದ ಐಡಲಿಂಗ್ ಇಳಿಸಿ.

ಕಾಕಾನ ಯೆಜ್ಡಿ ಮೂರನೇ ಕಿಕ್ಕಿಗೆ ಹತ್ತಿತು. ಹುಕ್ಕೇರಿ ರಸ್ತೆಯಲ್ಲಿ ಓಡಿಸಿ, ವೇಗದಲ್ಲಿರುವಾಗಲೇ ಎಂಜಿನ್ ಬಂದ್ ಮಾಡಿ ಪ್ಲಗ್ ತೆಗೆದು ನೋಡಿದೆವು. ಬಿಳುಪು ಜಾಸ್ತಿ ಇತ್ತು, ಅಂದ್ರೆ ಮಿಶ್ರಣ ತೆಳು. ಒಂದು ಅಳತೆ ದೊಡ್ಡ ಮೇನ್ ಜೆಟ್ ಹಾಕಿದ ಮೇಲೆ ಕಂದು ಬಣ್ಣ ಬಂತು. ಗುಜರಿಯವರಿಗೆ ಸದ್ಯಕ್ಕೆ ಬೇಡ ಅಂದಿದ್ದಾರೆ ಕಾಕಾ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ನಲ್ಲಿ ಬಂದ್ ಮಾಡಿ, ಬೌಲ್ ಖಾಲಿಯಾಗುವವರೆಗೆ ಎಂಜಿನ್ ಓಡಿಸಿ ನಿಲ್ಲಿಸಬೇಕು ಅಂತ ಅವರಿಗೆ ಹೇಳಿ ಬಂದಿದ್ದೇವೆ.